ಮನೆಯ ನಾಯಿ ನೋವಿನವರಿಗೆ ಒದಗಬೇಕೆಂದರೆ: ಜತ್ತದವರಿಗೆ ಒಂಬತ್ತು ಸೂತ್ರಗಳು

ಜತ್ತ ತಾಲ್ಲೂಕಿನಲ್ಲಿ ನಾಯಿ ಇಲ್ಲದ ತೋಟದ ವಸ್ತಿ ಅಪರೂಪ. ಉಮದಿ, ಸಂಖ, ಮಾಡಗ್ಯಾಳ ಕಡೆಯ ಕುರಿಹಿಂಡಿನ ಬೆನ್ನಿಗೂ ನಾಯಿ ಇರುತ್ತದೆ. ಕಾವಲು, ಬೇಟೆ ಇಷ್ಟೇ ಅದರ ಕೆಲಸ ಎಂದು ನಾವು ನಂಬಿ ಬಂದಿದ್ದೇವೆ. ಹತ್ತನೆಯ ಶತಮಾನದ ಆತಕೂರು ಶಾಸನವೂ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಕೆಚ್ಚನ್ನೇ ನೆನೆಯುತ್ತದೆ. ಆದರೆ ಲಕ್ವ ಹೊಡೆದು ಹಾಸಿಗೆ ಹಿಡಿದ ಅಜ್ಜನ ಪಕ್ಕ ಸುಮ್ಮನೆ ಕೂರುವ, ಮಾತು ಬಾರದ ಮಗುವಿನ ಕೈಗೆ ತಲೆ ಒಡ್ಡುವ ನಾಯಿಗೆ ಬೇಕಾದದ್ದು ಕೆಚ್ಚಲ್ಲ, ತಾಳ್ಮೆ. ಕಲಿಸುವುದಕ್ಕಿಂತ ಮೊದಲು ಆ ತಾಳ್ಮೆಯನ್ನು ಗುರುತಿಸಬೇಕು, ಆಮೇಲೆ ಅದು ಕೆಡದಂತೆ ಕಾಯಬೇಕು.

1. ಯಾವ ಕೆಲಸಕ್ಕೆ ಎಂದು ಮೊದಲು ತೀರ್ಮಾನಿಸಿ

ಸಹಾಯಕ ನಾಯಿ ಒಬ್ಬರಿಗಾಗಿಯೇ ದುಡಿಯುತ್ತದೆ. ಅಂಧರಿಗೆ ದಾರಿ ತೋರಿಸುತ್ತದೆ, ಬಿದ್ದ ವಸ್ತು ಎತ್ತಿಕೊಡುತ್ತದೆ, ಕಿವಿ ಕೇಳದವರಿಗೆ ಬಾಗಿಲ ಸದ್ದು ತಿಳಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲಿ ದಾರಿ ತೋರಿಸುವ ನಾಯಿಗಳ ಶಾಲೆ ಶುರುವಾಯಿತು. ಈ ತರಬೇತಿಗೆ ಒಂದೂವರೆ ಎರಡು ವರ್ಷ ಹಿಡಿಯುತ್ತದೆ, ಪಳಗಿದ ತರಬೇತುದಾರರೇ ಬೇಕು. ಹಾಗಿದ್ದೂ ಎಷ್ಟೋ ನಾಯಿಗಳು ನಡುವೆಯೇ ಹೊರಬೀಳುತ್ತವೆ.

ಚಿಕಿತ್ಸಾ ನಾಯಿ ಯಜಮಾನನ ಜೊತೆ ಹೋಗಿ ಹಲವರನ್ನು ಕಂಡು ಬರುತ್ತದೆ. ಅಮೆರಿಕದ ಮಕ್ಕಳ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್ ತಮ್ಮ ನಾಯಿ ಜಿಂಗಲ್ಸ್ ಎದುರು ಮಕ್ಕಳು ಸುಲಭವಾಗಿ ತೆರೆದುಕೊಳ್ಳುವುದನ್ನು ಗಮನಿಸಿ 1960ರ ದಶಕದಲ್ಲಿ ಅದನ್ನು ಬರೆದಿಟ್ಟರು. ನಮ್ಮ ಮುಂಬಯಿಯಲ್ಲಿ ಅನಿಮಲ್ ಏಂಜಲ್ಸ್ ಫೌಂಡೇಷನ್ ಈ ಕೆಲಸ ಮಾಡುತ್ತಿದೆ. ಮನೆಯಲ್ಲೇ ಕಲಿಸುವವರು ಈ ಎರಡನೆಯದನ್ನು ಗುರಿಯಾಗಿಟ್ಟುಕೊಳ್ಳುವುದು ಒಳ್ಳೆಯದು.

2. ತಳಿಗಿಂತ ಸ್ವಭಾವ ನೋಡಿ

ಈ ಭಾಗದ ಹೆಮ್ಮೆ ಕಾರವಾನಿ, ಗಡಿಯಾಚೆ ಅದೇ ಮುಧೋಳ ನಾಯಿ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕೊಟ್ಟಿದ್ದರು. ಭಾರತೀಯ ಸೇನೆಯೂ ಈ ತಳಿಯನ್ನು ತರಬೇತಿಗೆ ತೆಗೆದುಕೊಂಡಿತು. ಆದರೆ ಇದು ಕಣ್ಣಿನಿಂದ ಬೇಟೆಯಾಡುವ ನಾಯಿ, ಓಡುವುದನ್ನು ಕಂಡರೆ ಅಟ್ಟುತ್ತದೆ. ಗುರುತಿಲ್ಲದವರು ಮೈ ಮುಟ್ಟುವುದು ಸಾಮಾನ್ಯವಾಗಿ ಇದಕ್ಕೆ ಹಿಡಿಸುವುದಿಲ್ಲ. ಅದು ದೋಷವಲ್ಲ, ಅದನ್ನು ಬೆಳೆಸಿದ್ದೇ ಹಾಗೆ. ಮಂದಿಯನ್ನು ಮೆಚ್ಚುವ ಕಾರವಾನಿ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಓಣಿಯಲ್ಲಿ ಎಲ್ಲರ ಕಾಲಬಳಿ ಬಾಲವಾಡಿಸುವ ನಾಡನಾಯಿಯೇ ಮೇಲು.

ಪರೀಕ್ಷೆ ಸರಳ. ಸ್ವಲ್ಪ ದೂರದಲ್ಲಿ ಒಂದು ತಾಟು ಬೀಳಿಸಿ. ಬೆಚ್ಚಿ, ಕೂಡಲೇ ಸುಧಾರಿಸಿಕೊಂಡು ಮೂಸಲು ಬಂದರೆ ಆಗುವ ನಾಯಿ. ಮೂಲೆ ಸೇರಿ ಹೊರಗೆ ಬಾರದಿದ್ದರೆ, ಬೊಗಳು ನಿಲ್ಲಿಸದಿದ್ದರೆ ಒತ್ತಾಯ ಬೇಡ. ಯಾರನ್ನಾದರೂ ಕಚ್ಚಿದ ನಾಯಿಯನ್ನು ಈ ಕೆಲಸಕ್ಕೆ ತರಲೇಬೇಡಿ.

3. ಮರಿಯ 3ರಿಂದ 14 ವಾರ ವ್ಯರ್ಥ ಮಾಡಬೇಡಿ

ಈ ವಾರಗಳಲ್ಲಿ ಹೆದರಿಕೆಯಿಲ್ಲದೆ ಕಂಡದ್ದನ್ನು ನಾಯಿ ಬಾಳಿಡೀ ಸಹಜವೆಂದು ಒಪ್ಪುತ್ತದೆ. ರುಮಾಲು ಸುತ್ತಿದವರು, ಕಂಬಳಿ ಹೊದ್ದವರು, ಕೋಲೂರಿ ನಡೆಯುವವರು, ಗಾಲಿಕುರ್ಚಿ, ಟ್ರ್ಯಾಕ್ಟರ್ ಎಲ್ಲವನ್ನೂ ತೋರಿಸಿ. ಲಸಿಕೆ ಪೂರ್ತಿಯಾಗುವ ತನಕ ನೆಲಕ್ಕೆ ಬಿಡದೆ ಎತ್ತಿಕೊಂಡೇ ಓಡಾಡಿ. ಸಂತೆಯ ಅಂಚು ಸಾಕು, ಗುಡ್ಡಾಪುರದ ದಾನಮ್ಮನ ಜಾತ್ರೆಯ ನೂಕುನುಗ್ಗಲು ಮರಿಗೆ ಬೇಡ. ಬೆಳೆದ ನಾಯಿಯೂ ಕಲಿಯುತ್ತದೆ, ನಿಧಾನವಾಗಿ.

4. ಒಂದು ಕೆಲಸಕ್ಕೆ ಒಂದೇ ಮಾತು

ನಮ್ಮ ಮನೆಗಳಲ್ಲಿ ಆಯಿ ಕನ್ನಡದಲ್ಲಿ ಕರೆಯುತ್ತಾಳೆ, ಸಾಲೆಗೆ ಹೋಗುವ ಹುಡುಗ ಮರಾಠಿಯಲ್ಲಿ ಹೇಳುತ್ತಾನೆ, ಮೊಬೈಲ್ ನೋಡಿದ ಅಣ್ಣ ಇಂಗ್ಲಿಷಿನಲ್ಲಿ. ಪಾಪ, ನಾಯಿ ಗೊಂದಲಕ್ಕೆ ಬೀಳುತ್ತದೆ. ಯಾವ ಭಾಷೆಯಾದರೂ ಸರಿ, ಮನೆಮಂದಿ ಕೂತು ಒಂದೇ ಮಾತು ಗೊತ್ತು ಮಾಡಿಕೊಳ್ಳಿ. ‘ಕುಂದ್ರು’, ‘ನಿಂದ್ರು’ ಎರಡೂ ನಾಯಿಯ ಕಿವಿಗೆ ಹೆಚ್ಚುಕಡಿಮೆ ಒಂದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬದಲಿಸಿ. ಮಾತಿನ ಜೊತೆ ಕೈಸನ್ನೆಯನ್ನೂ ಕಲಿಸಿ. ನಾಳೆ ಮಾತು ನಿಂತ ರೋಗಿಯೂ ಅದೇ ಸನ್ನೆಯಿಂದ ನಾಯಿಯನ್ನು ಕೂರಿಸಬಹುದು.

5. ಬಹುಮಾನ ತಕ್ಷಣ, ಆದರೆ ದ್ರಾಕ್ಷಿ ಬೇಡ

ಸರಿಯಾಗಿ ಮಾಡಿದ ಕ್ಷಣದಲ್ಲೇ ‘ಶಾಬಾಸ್’ ಎಂದು ತುಣುಕು ತಿನಿಸು ಕೊಡಿ. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯುವುದಿಲ್ಲ. ಐದು ನಿಮಿಷದ ಪಾಠ, ದಿನಕ್ಕೆ ಎರಡು ಮೂರು ಬಾರಿ, ಸಾಕು. ಬೇಯಿಸಿದ ಕೋಳಿಯ ಚೂರು, ರೊಟ್ಟಿಯ ಚೂರು ಆದೀತು. ಸಾಂಗಲಿ ಜಿಲ್ಲೆಯಲ್ಲಿ ಒಣದ್ರಾಕ್ಷಿ ಕೈಗೆಟುಕುವಲ್ಲೇ ಇರುತ್ತದೆ. ಹಸಿಯಾಗಲಿ ಒಣಗಿದ್ದಾಗಲಿ, ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ತಿಂದದ್ದು ಕಂಡರೆ ವಾಂತಿ ಆಗಲಿ ಎಂದು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಉಳ್ಳಾಗಡ್ಡಿ, ಚಾಕೊಲೇಟ್ ಕೂಡ ಬೇಡ.

6. ಬಡಿಗೆ ಎತ್ತಬೇಡಿ

ಏಟು ತಿಂದ ನಾಯಿ ಮೇಲೆದ್ದ ಕೈಗೆ ಹೆದರುತ್ತದೆ. ರೋಗಿಯ ನಡುಗುವ ಕೈಯೂ ಅದಕ್ಕೆ ಹಾಗೆಯೇ ಕಾಣುತ್ತದೆ, ಹೆದರಿದ ನಾಯಿ ಕಚ್ಚುತ್ತದೆ. ಮೈಲಾರನ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ ದೋಣಿ ಎಂಬ ಪಾತ್ರೆಯಲ್ಲಿ ಉಣ್ಣುತ್ತಾರೆ. ಆ ದೇವರಿಗೆ ನಡೆದುಕೊಳ್ಳುವ ನಾಡಿನಲ್ಲಿ ನಾಯಿಗೆ ಕಲ್ಲು ಬೀಳುವುದು ನನಗೆ ಸಂಕಟ ತರುತ್ತದೆ.

7. ಆಟಕ್ಕಿಂತ ಶಾಂತಿ ಕಲಿಸಿ

ಕೈಕುಲುಕುವುದು, ಕುಣಿಯುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಗ್ಗ ಜಗ್ಗದೆ ನಡೆಯುವುದು, ಮೈಮೇಲೆ ಹಾರದಿರುವುದು, ನೆಲಕ್ಕೆ ಬಿದ್ದ ಗುಳಿಗೆ ಅಥವಾ ತಿಂಡಿಯನ್ನು ‘ಬಿಡು’ ಎಂದರೆ ಬಿಡುವುದು, ಚಾಪೆಯ ಮೇಲೆ ಹೊತ್ತುಗಟ್ಟಲೆ ಮಲಗಿರುವುದು: ಇವೇ ಮುಖ್ಯ ಪಾಠ. ಕಿವಿ, ಪಂಜ, ಬಾಲವನ್ನು ಯಾರಾದರೂ ಒರಟಾಗಿ ಹಿಡಿದರೂ ಸಹಿಸುವ ಅಭ್ಯಾಸವನ್ನು ತಿನಿಸು ಕೊಡುತ್ತ ಮೆಲ್ಲಗೆ ಮಾಡಿಸಿ. ಅಮೆರಿಕನ್ ಕೆನಲ್ ಕ್ಲಬ್ 1989ರಲ್ಲಿ ತಂದ ‘ಕೆನೈನ್ ಗುಡ್ ಸಿಟಿಜನ್’ ಪರೀಕ್ಷೆಯ ಹತ್ತು ಅಂಶಗಳನ್ನು ಮನೆಯಲ್ಲೇ ಅಳತೆಗೋಲಾಗಿ ಬಳಸಬಹುದು. ಒಂದು ವರ್ಷ ತುಂಬುವ ಮುಂಚೆ ಭೇಟಿಗೆ ಒಯ್ಯಬೇಡಿ.

8. ಲಸಿಕೆ ಮತ್ತು ಶುಚಿ: ಇಲ್ಲಿ ರಿಯಾಯಿತಿಯಿಲ್ಲ

ರೇಬೀಸ್ ಲಸಿಕೆ ಮೂರು ತಿಂಗಳಿಗೆ ಮೊದಲ ಸಲ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷ. ಜಂತಿನ ಔಷಧಿಯನ್ನೂ ತಪ್ಪಿಸಬೇಡಿ. ಲಸಿಕೆಯ ಕಾರ್ಡು ಜೊತೆಗಿರಲಿ, ಆಸ್ಪತ್ರೆಯವರು ಮೊದಲು ಕೇಳುವುದು ಅದನ್ನೇ. ಹಿಂದಿನ ದಿನ ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಉಣ್ಣೆಹುಳು ಹುಡುಕಿ ತೆಗೆಯಿರಿ. ಮುಟ್ಟಿದವರೆಲ್ಲ ಕೈತೊಳೆಯಲಿ. ತೆರೆದ ಗಾಯ ಇರುವವರ ಹತ್ತಿರ, ರೋಗನಿರೋಧಕ ಶಕ್ತಿ ಕುಂದಿದವರ ಹತ್ತಿರ ವೈದ್ಯರ ಒಪ್ಪಿಗೆಯಿಲ್ಲದೆ ಹೋಗಬೇಡಿ. ಲಸಿಕೆಯಾದ ನಾಯಿಯೇ ಪರಚಿ ರಕ್ತ ಬಂದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ದವಾಖಾನೆಗೆ ಕರೆದೊಯ್ಯಿರಿ.

ಏಪ್ರಿಲ್, ಮೇ ಬಿಸಿಲಿನಲ್ಲಿ ಡಾಂಬರು ರಸ್ತೆ ಪಂಜವನ್ನು ಸುಡುತ್ತದೆ. ಭೇಟಿ ಬೆಳಗಿನ ತಂಪಿನಲ್ಲೇ ಮುಗಿಯಲಿ.

9. ನಾಯಿ ‘ಒಲ್ಲೆ’ ಎಂದರೆ ಎದ್ದು ಬನ್ನಿ

ಮೊದಲ ಭೇಟಿ ಗುರುತಿನ ಮನೆಯ ಅಜ್ಜಿಯ ಬಳಿ ಆಗಲಿ. ವಿಶೇಷ ಶಾಲೆ, ವೃದ್ಧಾಶ್ರಮ ಆಮೇಲೆ, ಅದೂ ಮೊದಲೇ ಅನುಮತಿ ಪಡೆದು. ಮೊದಮೊದಲು ಹದಿನೈದು ನಿಮಿಷ ಸಾಕು. ಪಳಗಿದ ನಾಯಿಗೂ ಒಂದು ತಾಸು ಮೀರಬಾರದು. ನಾಯಿಯಿಂದ ಕಚ್ಚಿಸಿಕೊಂಡು ಹೆದರಿದವರು, ನಾಯಿಯನ್ನು ಮುಟ್ಟದ ಮನೆತನದವರು ಇರುತ್ತಾರೆ. ಅವರ ಮಾತಿಗೆ ಬೆಲೆ ಕೊಟ್ಟು ದೂರವಿರಿ.

ನಿಮ್ಮ ಕಣ್ಣು ರೋಗಿಯ ಮೇಲೆ ಎಷ್ಟೋ ನಾಯಿಯ ಮೇಲೂ ಅಷ್ಟೇ ಇರಬೇಕು. ಪದೇ ಪದೇ ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಮುಖ ತಿರುಗಿಸಿದರೆ, ಕಣ್ಣಿನ ಬಿಳಿ ಕಂಡರೆ, ಬಾಲ ಮಡಚಿದರೆ ಅದಕ್ಕೆ ಸಾಕಾಗಿದೆ ಎಂದರ್ಥ. ಇನ್ನೂ ಎರಡು ನಿಮಿಷ ಎಂದು ತಡೆಯಬೇಡಿ. ಹಗ್ಗ ಹಿಡಿದು ಹೊರಗೆ ಬನ್ನಿ, ನೀರು ಕುಡಿಸಿ, ಮರುದಿನ ಕೆಲಸ ಹಚ್ಚಬೇಡಿ. ಎಷ್ಟು ಹೊತ್ತು ಕೂತಿತು, ಯಾವುದಕ್ಕೆ ಅಂಜಿತು ಎಂದು ಒಂದು ವಹಿಯಲ್ಲಿ ಬರೆದಿಡಿ. ಅಂಜಿದ ವಸ್ತುವನ್ನು ಮನೆಯಲ್ಲಿ ದೂರದಿಂದ ತೋರಿಸಿ ರೂಢಿ ಮಾಡಿಸಿದ ಮೇಲೆಯೇ ಮುಂದಿನ ಭೇಟಿಗೆ ದಿನ ಗೊತ್ತು ಮಾಡಿ.