ಅಂಗಡಿಯ ತೆರಿಗೆಯನ್ನು ಗಲ್ಲಾದಲ್ಲೇ ಉಳಿಸಿ

ಪ್ರತಿ ವರ್ಷ ಮಾರ್ಚ್ ಮೂರನೇ ವಾರ ನನ್ನ ಆಫೀಸಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಕಿರಾಣಿಯವರು, ಬೇಕರಿಯವರು, ಬಟ್ಟೆ ವ್ಯಾಪಾರಿಗಳು, ವೆಲ್ಡಿಂಗ್ ಶಾಪಿನವರು. ಎಲ್ಲರ ಕೈಯಲ್ಲೂ ಬಿಲ್ಲು ತುರುಕಿದ ಪ್ಲಾಸ್ಟಿಕ್ ಚೀಲ, ಬಾಯಲ್ಲಿ ಒಂದೇ ಮಾತು: ‘ಸರ್, ಏನರ ಮಾಡಿ ಟ್ಯಾಕ್ಸ್ ಕಡಿಮಿ ಮಾಡ್ರಿ.’ ಹುಬ್ಬಳ್ಳಿಯಲ್ಲಿ ಸಣ್ಣ ವ್ಯಾಪಾರಸ್ಥರ ಲೆಕ್ಕ ನೋಡಿಕೊಂಡು ಬಂದ ನನಗೆ ಆ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಆ ಹೊತ್ತಿಗೆ ನನ್ನ ಕೈಯಲ್ಲಿ ಉಳಿದಿರುವುದು ಬಹಳ ಕಡಿಮೆ. ದುಡ್ಡು ಯಾವ ದಾರಿಯಲ್ಲಿ ಬಂತು, ಯಾವ ದಾರಿಯಲ್ಲಿ ಹೋಯಿತು, ಅದಕ್ಕೆ ಕಾಗದ ಇದೆಯೋ ಇಲ್ಲವೋ ಎನ್ನುವುದರ ಮೇಲೆ ತೆರಿಗೆ ಆಗಲೇ ತೀರ್ಮಾನವಾಗಿರುತ್ತದೆ. ಏಪ್ರಿಲ್‌ನಲ್ಲೇ ಬಂದಿದ್ದರೆ ನಾನು ಏನು ಹೇಳುತ್ತಿದ್ದೆನೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇವೆಲ್ಲ ಕಾನೂನೇ ಕೊಟ್ಟಿರುವ ಅವಕಾಶಗಳು. ನಕಲಿ ಬಿಲ್ಲಿಗೂ ಎರಡನೇ ಪುಸ್ತಕಕ್ಕೂ ಇಲ್ಲಿ ಜಾಗವಿಲ್ಲ. ಅಂಕಿಗಳು 2025-26ರ ಆರ್ಥಿಕ ವರ್ಷದವು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್‌ಗಳ ಸಂಖ್ಯೆ ಬದಲಾಗುತ್ತದೆ. ಎಲ್ಲರ ಬಾಯಲ್ಲಿರುವ ಹಳೆಯ ಸಂಖ್ಯೆಗಳನ್ನೇ ಬಳಸಿದ್ದೇನೆ.

ಮೊದಲು ಅಂಗಡಿಗೊಂದು ಬೇರೆ ಖಾತೆ

2025ರ ಜುಲೈ ನೆನಪಿದೆಯಲ್ಲ? ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದವು. ನೋಟಿಸ್ ಬಂದವರಲ್ಲಿ ತರಕಾರಿ ಮಾರುವವರೂ ಇದ್ದರು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದವರಿಗೆ ಬಂದ ಹಣ ತರಕಾರಿಯದೋ, ಬೇರೆಯದೋ ಗೊತ್ತಾಗುವುದಿಲ್ಲ. ಭಾವಮೈದುನ ತೀರಿಸಿದ ಕೈಗಡ, ಎತ್ತಿದ ಚೀಟಿ ಹಣ, ಊರಿನ ಹೊಲದ ಪಾಲು, ಅಂಗಡಿಯ ವ್ಯಾಪಾರ ಎಲ್ಲವೂ ಒಂದೇ ಕ್ಯೂಆರ್ ಕೋಡ್‌ಗೆ ಬಿದ್ದರೆ, ಅದೆಲ್ಲ ವ್ಯಾಪಾರವಲ್ಲ ಎಂದು ತೋರಿಸುವ ಹೊರೆ ನಿಮ್ಮ ತಲೆಗೇ ಬರುತ್ತದೆ.

ಅದಕ್ಕೇ ಮೊದಲ ಕೆಲಸ ಅಂಗಡಿ ಹೆಸರಿನಲ್ಲಿ ಒಂದು ಕರೆಂಟ್ ಅಕೌಂಟ್. ಗಲ್ಲಾದ ಮೇಲಿನ ಕ್ಯೂಆರ್ ಕೋಡ್ ಅದಕ್ಕೇ ಜೋಡಣೆಯಾಗಲಿ. ಮನೆಖರ್ಚಿಗೆ ತಿಂಗಳಿಗೊಮ್ಮೆ ಇಷ್ಟು ಎಂದು ಅಲ್ಲಿಂದ ಸ್ವಂತ ಖಾತೆಗೆ ವರ್ಗಾಯಿಸಿಕೊಳ್ಳಿ. ಬೇಕಾದಾಗಲೆಲ್ಲ ಗಲ್ಲಾಕ್ಕೆ ಕೈ ಹಾಕುವ ರೂಢಿ ಇದೊಂದರಿಂದಲೇ ಅರ್ಧ ಬಿಟ್ಟುಹೋಗುತ್ತದೆ.

ಕ್ಯೂಆರ್ ಕೋಡ್ ಉಳಿಸಿಕೊಡುವ ತೆರಿಗೆ

ನಗದು ತೆಗೆದುಕೊಂಡರೆ ತೆರಿಗೆ ಉಳಿಯುತ್ತದೆ ಎಂದು ನಂಬಿದವರಿಗೆ ಈ ಲೆಕ್ಕ ತೋರಿಸಬೇಕು. ಸೆಕ್ಷನ್ 44ಎಡಿ ಪ್ರಕಾರ, ವರ್ಷದ ವಹಿವಾಟು 2 ಕೋಟಿ ರೂಪಾಯಿ ಮೀರದ ವ್ಯಾಪಾರಿ ಪೂರ್ತಿ ಲೆಕ್ಕಪುಸ್ತಕ ಬರೆಯದೆ, ವಹಿವಾಟಿನ ಇಂತಿಷ್ಟು ಭಾಗವನ್ನು ಲಾಭ ಎಂದು ತೋರಿಸಿ ತೆರಿಗೆ ಕಟ್ಟಬಹುದು. ನಗದಾಗಿ ಬಂದ ವಹಿವಾಟಿಗೆ ಶೇ 8. ಯುಪಿಐ, ಕಾರ್ಡ್, ಚೆಕ್, ಬ್ಯಾಂಕ್ ವರ್ಗಾವಣೆಯಲ್ಲಿ ಬಂದದ್ದಕ್ಕೆ ಶೇ 6. ನಗದು ಪ್ರಮಾಣ ಶೇ 5 ಮೀರದಿದ್ದರೆ ವಹಿವಾಟಿನ ಮಿತಿ 3 ಕೋಟಿಗೆ ಏರುತ್ತದೆ.

ಒಂದು ಹಾರ್ಡ್‌ವೇರ್ ಅಂಗಡಿಯ ವಹಿವಾಟು ಸರಿಯಾಗಿ 2 ಕೋಟಿ ಎಂದುಕೊಳ್ಳಿ. ಎಲ್ಲವೂ ನಗದಾದರೆ ಲಾಭ 16 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ಏನೂ ಇಲ್ಲ, 4ರಿಂದ 8 ಲಕ್ಷಕ್ಕೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15. ಅಲ್ಲಿಗೆ 20,000, 40,000, 60,000 ಸೇರಿ 1,20,000. ಶೇ 4 ಸೆಸ್ ಸೇರಿಸಿದರೆ 1,24,800 ರೂಪಾಯಿ. ಅದೇ ಅಂಗಡಿಗೆ ಅದೇ 2 ಕೋಟಿ ಬ್ಯಾಂಕ್ ಮೂಲಕ ಬಂದಿದ್ದರೆ ಲಾಭ 12 ಲಕ್ಷ. 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಅದೇ ಸಿಮೆಂಟು, ಅದೇ ಪೈಪು, ಅದೇ ಗಿರಾಕಿ. ದುಡ್ಡು ಬಂದ ದಾರಿಯಷ್ಟೇ ಬೇರೆ. ಈ ಲೆಕ್ಕವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದಾಗ ಕಿತ್ತಿಟ್ಟಿದ್ದ ಕ್ಯೂಆರ್ ಕೋಡನ್ನು ಮತ್ತೆ ಅಂಟಿಸಿದವರಿದ್ದಾರೆ.

ಮೂರು ವಿಷಯ ಗಮನದಲ್ಲಿರಲಿ. 12 ಲಕ್ಷ ಎಂದರೆ ಠೇವಣಿ ಬಡ್ಡಿ, ಮನೆ ಬಾಡಿಗೆ ಎಲ್ಲ ಸೇರಿ. ಕಮಿಷನ್ ಏಜೆಂಟರು, ದಲಾಲರು, ಎಲ್‌ಎಲ್‌ಪಿಗಳಿಗೆ 44ಎಡಿ ಇಲ್ಲ. ವೈದ್ಯರು, ವಕೀಲರು, ಎಂಜಿನಿಯರುಗಳಿಗೆ ಬೇರೆಯೇ ಸೆಕ್ಷನ್ ಇದ್ದು, ಅಲ್ಲಿ ಆದಾಯದ ಅರ್ಧವನ್ನು ಲಾಭ ಎಂದು ತೋರಿಸಬೇಕು. ಮೂರನೆಯದು, ಶೇ 6 ಎನ್ನುವುದು ಕನಿಷ್ಠ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಿ. ರಿಟರ್ನ್‌ನಲ್ಲಿ 5 ಲಕ್ಷ ಲಾಭ ತೋರಿಸಿ ಅದೇ ವರ್ಷ 40 ಲಕ್ಷದ ಸೈಟು ಕೊಂಡರೆ ಪ್ರಶ್ನೆ ಬಂದೇ ಬರುತ್ತದೆ. ನಾಳೆ ಗೋದಾಮಿಗೆ ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ತಿರುವಿ ನೋಡುವುದೂ ಅದೇ ರಿಟರ್ನ್‌ಗಳನ್ನು. ತೆರಿಗೆ ಉಳಿಸಲು ಹೋಗಿ ಸಾಲ ಕಳೆದುಕೊಂಡವರ ಮುಖ ನೋಡುವುದು ಕಷ್ಟ.

ಲಾಭವೇ ಕಡಿಮೆ ಇದ್ದರೆ ಪುಸ್ತಕ ಬರೆಯಿರಿ

ಹೋಲ್‌ಸೇಲ್ ವ್ಯಾಪಾರದಲ್ಲಿ ನೂರಕ್ಕೆ ಎರಡು, ಮೂರು ರೂಪಾಯಿ ಉಳಿದರೆ ಹೆಚ್ಚು. ಅಂಥವರಿಗೆ ಶೇ 6 ಹೊರೆ. ಅವರು ಪೂರ್ತಿ ಲೆಕ್ಕ ಬರೆದು ನಿಜವಾದ ಲಾಭಕ್ಕಷ್ಟೇ ತೆರಿಗೆ ಕಟ್ಟಬಹುದು. ಆದರೆ ಒಮ್ಮೆ 44ಎಡಿ ಒಳಗೆ ಬಂದು ಐದು ವರ್ಷ ತುಂಬುವ ಮೊದಲೇ ಹೊರಗೆ ಹೋದರೆ ಮುಂದಿನ ಐದು ವರ್ಷ ಅದರ ಬಾಗಿಲು ಮುಚ್ಚುತ್ತದೆ. ಆ ಅವಧಿಯಲ್ಲಿ ಆದಾಯ ಮೂಲ ವಿನಾಯಿತಿ ಮಿತಿ ದಾಟಿದರೆ ಆಡಿಟ್ ಕೂಡ ಆಗಬೇಕು. ಆದ್ದರಿಂದ ಮೊದಲ ವರ್ಷವೇ ಯೋಚಿಸಿ ಹೆಜ್ಜೆ ಇಡಿ.

ಪುಸ್ತಕ ಬರೆಯುವವರು ಕೈಬಿಡುವ ಖರ್ಚುಗಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮುಖ್ಯವಾದುದು ಬಂಗಾರದ ಸಾಲ. ಹಬ್ಬದ ಸ್ಟಾಕು ತುಂಬಿಸಲು ಹೆಂಡತಿಯ ಬಳೆ, ಸರ ಅಡವಿಟ್ಟು ಸಾಲ ತರುತ್ತಾರೆ. ಅದು ಮನೆಯ ಗುಟ್ಟು ಎಂದುಕೊಂಡು ಲೆಕ್ಕಕ್ಕೆ ತರುವುದೇ ಇಲ್ಲ. ಸಾಲದ ಹಣ ವ್ಯಾಪಾರಕ್ಕೆ ಬಳಕೆಯಾಗಿದ್ದರೆ ಅದರ ಬಡ್ಡಿ ವ್ಯಾಪಾರದ ಖರ್ಚೇ. 5 ಲಕ್ಷದ ಸಾಲಕ್ಕೆ ಶೇ 10ರ ಬಡ್ಡಿ ಎಂದರೂ ವರ್ಷಕ್ಕೆ 50,000. ಸಾಲದ ಹಣ ಅಂಗಡಿಯ ಖಾತೆಗೆ ಬಂದು, ಅಲ್ಲಿಂದ ಮಾಲು ಕೊಟ್ಟವರಿಗೆ ಹೋಗಿದ್ದರೆ ಅದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಇನ್ನೊಂದು, ಮಾರ್ಚ್ 31ರ ಸ್ಟಾಕು. ಒಂದು ಸೀರೆ ಅಂಗಡಿಯ ಲೆಕ್ಕದಲ್ಲಿ ಪ್ರತಿ ವರ್ಷವೂ ಅದೇ ಹಳೆಯ ಸೀರೆಗಳು ತಂದ ಬೆಲೆಗೇ ನಿಂತಿದ್ದವು. ಒಂದು ಸಂಜೆ ಮಾಲೀಕರ ಜತೆ ಗೋದಾಮಿಗೆ ಹೋಗಿ ಮೇಲಿನ ಅಟ್ಟದ ಗಂಟುಗಳನ್ನು ಬಿಚ್ಚಿಸಿದೆ. ಮೂರು ವರ್ಷದ ಹಿಂದೆ 1,400 ರೂಪಾಯಿಗೆ ತಂದ ಸೀರೆ. ಮಡಿಕೆಯ ಗೆರೆಯುದ್ದಕ್ಕೂ ಬಣ್ಣ ಮಾಸಿತ್ತು, ಸೆರಗಿನ ಜರಿ ಕಪ್ಪಾಗಿತ್ತು. ‘ಈಗ ಎಷ್ಟಕ್ಕ ಹೋಗತೈತಿ?’ ಎಂದೆ. ‘ಆರನೂರಕ್ಕ ಹೋದ್ರ ಪುಣ್ಯ ಸರ್’ ಎಂದರು. ಅಂಥವು 210 ಇದ್ದವು. ಸ್ಟಾಕನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರಬಹುದಾದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಕಟ್ಟಬೇಕು ಎಂಬುದೇ ನಿಯಮ. ಸೀರೆಗೆ 800ರಂತೆ 1,68,000 ರೂಪಾಯಿ ಇಲ್ಲದ ಲಾಭಕ್ಕೆ ಅವರು ತೆರಿಗೆ ಕಟ್ಟುವುದರಲ್ಲಿದ್ದರು. ಅಂಥ ಮಾಲಿನ ಪಟ್ಟಿ ಮಾಡಿ, ಫೋಟೋ ತೆಗೆದು, ದಿನಾಂಕ ಹಾಕಿ ಇಟ್ಟುಕೊಳ್ಳಿ.

ಉದ್ರಿ ಪುಸ್ತಕದ್ದೂ ಇದೇ ಕಥೆ. ಊರು ಬಿಟ್ಟು ಹೋದವರ ಹೆಸರಿನಲ್ಲಿ ಬಾಕಿ ಹಾಗೇ ಇರುತ್ತದೆ. ಆ ಮಾರಾಟವನ್ನು ಹಿಂದೆಯೇ ಆದಾಯವಾಗಿ ತೋರಿಸಿ ತೆರಿಗೆ ಕಟ್ಟಿದ್ದರೆ, ಬಾರದ ಬಾಕಿಯನ್ನು ಪುಸ್ತಕದಲ್ಲಿ ವಜಾ ಮಾಡಿ ಖರ್ಚಾಗಿ ತೋರಿಸಬಹುದು. ವಜಾ ಮಾಡಿದ ನಮೂದು ಆ ವರ್ಷದ ಲೆಕ್ಕದಲ್ಲೇ ಇರಬೇಕು.

ಯಂತ್ರ ಕೊಳ್ಳುವವರು ಕ್ಯಾಲೆಂಡರ್ ನೋಡಿ. ಯಂತ್ರಗಳಿಗೆ ಸವಕಳಿ ಶೇ 15, ಕಂಪ್ಯೂಟರಿಗೆ ಶೇ 40, ಪೀಠೋಪಕರಣಕ್ಕೆ ಶೇ 10. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಸಿಗುವುದು ಅರ್ಧವೇ. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂದಿತ್ತು. ಅಂದು 4 ಲಕ್ಷದ ಓವನ್‌ಗೆ ಪೂಜೆ ಮಾಡಿ ಚಾಲೂ ಮಾಡಿದ ಬೇಕರಿಗೆ 60,000 ಸವಕಳಿ. ದೀಪಾವಳಿಗೆ ಮಾಡೋಣ ಎಂದವರಿಗೆ ಆ ವರ್ಷಕ್ಕೆ 30,000 ಮಾತ್ರ. ಬಿಲ್ಲಿನ ದಿನ ಲೆಕ್ಕಕ್ಕಿಲ್ಲ, ಯಂತ್ರ ಓಡಲು ಶುರುವಾದ ದಿನವೇ ಲೆಕ್ಕ.

ಇನ್ನು ನಗದು ಪಾವತಿ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಇಲಾಖೆ ಒಪ್ಪುವುದಿಲ್ಲ. ಲಾರಿ ಬಾಡಿಗೆಗೆ ಮಾತ್ರ ಮಿತಿ 35,000. ಮಾಲು ನಿಜ, ಬಿಲ್ಲೂ ನಿಜ, ಆದರೂ ತೆರಿಗೆ ಲೆಕ್ಕದಲ್ಲಿ ಆ ಖರ್ಚು ಇಲ್ಲ. ಬೆಳೆದ ರೈತನಿಂದಲೇ ನೇರವಾಗಿ ಕೊಂಡ ಕೃಷಿ ಉತ್ಪನ್ನಕ್ಕೆ ಈ ಮಿತಿ ಅನ್ವಯಿಸುವುದಿಲ್ಲ. ರೈತನ ಹೆಸರು, ಊರು, ಸಹಿ ಇರುವ ಚೀಟಿ ಇಟ್ಟುಕೊಳ್ಳಿ. ನಡುವಿನ ವ್ಯಾಪಾರಿಗೆ ಕೊಟ್ಟರೆ ಮಿತಿ ಇದ್ದೇ ಇದೆ. ಗಿರಾಕಿಯಿಂದ ತೆಗೆದುಕೊಳ್ಳುವಾಗಲೂ ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಮುಟ್ಟಬೇಡಿ, ದಂಡ ಅಷ್ಟೇ ಮೊತ್ತದ್ದು.

ಮನೆಯವರ ದುಡಿಮೆಯ ಬಗ್ಗೆ ಕೇಳುವವರು ಬಹಳ. ಹದಿನೆಂಟು ದಾಟಿದ ಮಗನೋ ಮಗಳೋ ನಿಜವಾಗಿ ಅಂಗಡಿಯಲ್ಲಿ ದುಡಿಯುತ್ತಿದ್ದರೆ, ಹೊರಗಿನವರಿಗೆ ಕೊಡುವಷ್ಟೇ ಸಂಬಳ ಕೊಟ್ಟು ಖರ್ಚು ಬರೆಯಿರಿ. ಸಂಬಳ ಅವರ ಖಾತೆಗೆ ತಿಂಗಳಿಗೆ ತಿಂಗಳು ಹೋಗಲಿ. ಹೆಂಡತಿಯ ಸಂಬಳ ಮಾತ್ರ ಬೇರೆ. ಆ ಕೆಲಸಕ್ಕೆ ಬೇಕಾದ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಆಕೆಗೆ ಇಲ್ಲದಿದ್ದರೆ ಆ ಆದಾಯವನ್ನು ಗಂಡನ ಆದಾಯಕ್ಕೇ ಸೇರಿಸುತ್ತಾರೆ. ಬೆಳಗಿನಿಂದ ರಾತ್ರಿವರೆಗೆ ಗಲ್ಲಾದಲ್ಲಿ ಕೂರುವ ಹೆಣ್ಣುಮಗಳ ದುಡಿಮೆಯನ್ನು ಕಾನೂನು ಹೀಗೆ ನೋಡುವುದು ನನಗೆ ಸರಿ ಕಾಣುವುದಿಲ್ಲ. ಇಬ್ಬರೂ ಸಮನಾಗಿ ನಡೆಸುವ ಅಂಗಡಿಯಾದರೆ ಇಬ್ಬರೂ ಬಂಡವಾಳ ಹಾಕಿ ಪಾಲುದಾರಿಕೆ ಮಾಡಿಕೊಳ್ಳುವ ಬಗ್ಗೆ ನಿಮ್ಮ ಆಡಿಟರ್ ಜತೆ ಮಾತಾಡಿ.

ಜಿಎಸ್‌ಟಿ ನಂಬರ್ ಕೊಡಲು ಮರೆಯಬೇಡಿ

ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ನೋಂದಣಿ ಆದವರು ಅಂಗಡಿಗೆಂದು ಕೊಳ್ಳುವ ಪ್ರತಿಯೊಂದಕ್ಕೂ ತಮ್ಮ ಜಿಎಸ್‌ಟಿ ನಂಬರ್ ಕೊಟ್ಟು ಬಿಲ್ಲು ಪಡೆಯಿರಿ. 60,000 ರೂಪಾಯಿಯ ಫ್ರೀಜರ್‌ಗೆ ಶೇ 18ರಂತೆ 10,800 ತೆರಿಗೆ. ನಂಬರ್ ಇದ್ದರೆ ಆ ಹಣ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸು, ಇಲ್ಲದಿದ್ದರೆ ಹೋದಂತೆಯೇ. ಬಿಲ್ಲು ಕೈಯಲ್ಲಿದ್ದರೆ ಸಾಲದು. ಮಾರಿದವರು ಅದನ್ನು ತಮ್ಮ ರಿಟರ್ನ್‌ನಲ್ಲಿ ಹಾಕಿ, ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕಾಣಬೇಕು. ಪ್ರತಿ ತಿಂಗಳು ಅದನ್ನು ತೆರೆದು ನೋಡಿ, ಕಾಣದ ಬಿಲ್ಲಿಗೆ ಆಗಲೇ ಫೋನ್ ಮಾಡಿ. ವರ್ಷ ಕಳೆದ ಮೇಲೆ ಅವರೂ ಫೋನ್ ಎತ್ತುವುದಿಲ್ಲ.

ಮನೆಬಳಕೆ ಗಿರಾಕಿಗಳೇ ಹೆಚ್ಚಿರುವ, ಹೊರರಾಜ್ಯಕ್ಕೆ ಮಾಲು ಕಳಿಸದ ಅಂಗಡಿಗೆ 1.5 ಕೋಟಿವರೆಗೆ ಕಾಂಪೊಸಿಷನ್ ಸ್ಕೀಮ್ ಇದೆ. ವ್ಯಾಪಾರಿಗೆ ಶೇ 1, ಹೋಟೆಲಿಗೆ ಶೇ 5. ಅದನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಇನ್‌ಪುಟ್ ಕ್ರೆಡಿಟ್ಟೂ ಸಿಗದು.

ಸಣ್ಣ ಕಾರ್ಖಾನೆ, ಜಾಬ್‌ವರ್ಕ್ ನಡೆಸುವವರು ಉದ್ಯಮ್ ನೋಂದಣಿ ಮಾಡಿಸಿ ಅದರ ನಂಬರನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ನಿಮ್ಮ ಹಣ ಕೊಡದ ಕಂಪನಿಗೆ, ಕೊಡುವವರೆಗೂ ಆ ಖರ್ಚು ತೆರಿಗೆ ಲೆಕ್ಕದಲ್ಲಿ ಸಿಗುವುದಿಲ್ಲ. ಮಾರ್ಚ್‌ನಲ್ಲಿ ಬಾಕಿ ಕೇಳಲು ಇದಕ್ಕಿಂತ ಬಲವಾದ ಮಾತಿಲ್ಲ.

ಹಳೆಯದೋ, ಹೊಸದೋ

ಎಲ್‌ಐಸಿ, ಪಿಪಿಎಫ್‌ಗಳಿಗೆ 1.5 ಲಕ್ಷದವರೆಗಿನ ವಿನಾಯಿತಿ, ಆರೋಗ್ಯ ವಿಮೆಯ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ. ನೀವು ಏನೂ ಹೇಳದಿದ್ದರೆ ಹೊಸ ಪದ್ಧತಿಯೇ ಅನ್ವಯ. ಒಟ್ಟು ಆದಾಯ 12 ಲಕ್ಷದೊಳಗಿರುವ ಅಂಗಡಿಯವರಿಗೆ ಹೊಸದೇ ಸಾಕು. ತೆರಿಗೆ ಉಳಿಸಲೆಂದು ಮಾರ್ಚ್‌ನಲ್ಲಿ ಯಾರೋ ತಂದ ಪಾಲಿಸಿಗೆ ಸಹಿ ಹಾಕಬೇಡಿ. ವಿಮೆ ಸಂಸಾರಕ್ಕೆ ಬೇಕಿದ್ದರೆ ಮಾಡಿಸಿ. ಸಂಬಳದಾರರಂತೆ ವರ್ಷಕ್ಕೊಮ್ಮೆ ಪದ್ಧತಿ ಬದಲಿಸುವ ಸ್ವಾತಂತ್ರ್ಯ ವ್ಯಾಪಾರಸ್ಥರಿಗಿಲ್ಲ. ಹೊಸದನ್ನು ಬಿಟ್ಟು ಹಳೆಯದಕ್ಕೆ ಹೋದವರು ಒಮ್ಮೆ ಮಾತ್ರ ವಾಪಸು ಬರಬಹುದು.

ಮಾರ್ಚ್ 15ಕ್ಕೆ ಮೊದಲು

44ಎಡಿಯವರು ಮುಂಗಡ ತೆರಿಗೆಯನ್ನು ಒಂದೇ ಕಂತಿನಲ್ಲಿ ಮಾರ್ಚ್ 15ರೊಳಗೆ ಕಟ್ಟಬೇಕು. ಉಳಿದವರಿಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್‌ಗಳ 15ನೇ ತಾರೀಕು. ವರ್ಷದ ತೆರಿಗೆ 10,000ಕ್ಕಿಂತ ಕಡಿಮೆ ಇದ್ದರೆ ಈ ಗೊಡವೆ ಇಲ್ಲ. ತಡವಾದರೆ ತಿಂಗಳಿಗೆ ಶೇ 1ರ ಬಡ್ಡಿ, ಅದನ್ನು ಖರ್ಚೆಂದು ತೋರಿಸಲೂ ಬರುವುದಿಲ್ಲ. ಕಟ್ಟುವ ಮೊದಲು ಇ-ಫೈಲಿಂಗ್ ಪೋರ್ಟಲ್‌ನಲ್ಲಿ 26ಎಎಸ್ ಮತ್ತು ಎಐಎಸ್ ತೆರೆದು ನೋಡಿ. ಕಂಪನಿಗಳಿಗೆ ಮುದ್ರಣ, ಕೇಟರಿಂಗ್, ಜಾಬ್‌ವರ್ಕ್ ಮಾಡಿಕೊಟ್ಟವರ ಹೆಸರಿನಲ್ಲಿ ಶೇ 1ರಂತೆ ಟಿಡಿಎಸ್ ಜಮೆಯಾಗಿರುತ್ತದೆ. ಅದು ನಿಮ್ಮದೇ ಹಣ, ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಿ.

ಚಲನ್ ತುಂಬುವಾಗ ಮುಂಗಡ ತೆರಿಗೆಯ ಕೋಡ್ 100 ಆರಿಸಿ. 2025-26ರ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ 2026-27. ಇಲ್ಲಿ ಒಂದು ವರ್ಷ ಹಿಂದೆ ಒತ್ತಿದರೆ ದುಡ್ಡು ಬೇರೆ ವರ್ಷಕ್ಕೆ ಹೋಗಿ ಕೂರುತ್ತದೆ. ಹಣ ಕಟ್ಟಿದ ಕೂಡಲೇ ಚಲನ್ ಡೌನ್‌ಲೋಡ್ ಮಾಡಿ, ನಿಮ್ಮ ಲೆಕ್ಕ ಬರೆಯುವವರಿಗೆ ಅಂದೇ ವಾಟ್ಸ್‌ಆ್ಯಪ್ ಮಾಡಿ.