ಹೆರಿಗೆಯ ದಿನ: ಲೆಕ್ಕ ಎಲ್ಲಿಂದ ಹಿಡಿಯಬೇಕು?

ಗರ್ಭಲಿಂಗಧಾರಣೆಗೆ ದಿನ ಕೇಳಲು ಶ್ರೀಮಠಕ್ಕೆ ಬರುವ ಕುಟುಂಬಗಳಲ್ಲಿ ಒಂದು ಗೊಂದಲವನ್ನು ನಾವು ಹಲವು ಬಾರಿ ಕಂಡಿದ್ದೇವೆ. ಅತ್ತೆಯವರ ಲೆಕ್ಕದಲ್ಲಿ ಏಳನೆಯ ತಿಂಗಳು, ತಾಯಿ ಕಾರ್ಡಿನ ಪ್ರಕಾರ ಎಂಟು. ಸ್ಕ್ಯಾನಿಂಗ್ ವರದಿಯಲ್ಲಿ ಇವೆರಡಕ್ಕೂ ಹೊಂದದ ಇನ್ನೊಂದು ದಿನಾಂಕ. ಸಂಸ್ಕಾರದ ದಿನವನ್ನು ಗುರುಗಳು ಹೊಂದಿಸಿಕೊಡುತ್ತಾರೆ. ಹೆರಿಗೆಯ ಲೆಕ್ಕ ತಪ್ಪಿದರೆ ಹೊಂದಿಸುವುದು ಕಷ್ಟ. ಸಕಲೇಶಪುರ, ಆಲೂರು ಸೀಮೆಯ ಮಳೆಗಾಲ ಎಂಥದೆಂದು ಓದುಗರಿಗೆ ತಿಳಿದೇ ಇದೆ. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಹೆದ್ದಾರಿಯೇ ನಿಂತಿತು. ರಾತ್ರಿಯಾದರೆ ತೋಟದ ದಾರಿಗಳಲ್ಲಿ ಕಾಡಾನೆಯ ಭಯ. ಗರ್ಭಿಣಿಯನ್ನು ಎಂದು ಪಟ್ಟಣದ ಹತ್ತಿರಕ್ಕೆ ಕರೆತರಬೇಕೆಂಬುದು ಇಲ್ಲಿ ಸಣ್ಣ ಪ್ರಶ್ನೆಯಲ್ಲ.

ಗೊಂದಲದ ಮೂಲ ಲೆಕ್ಕ ಆರಂಭಿಸುವ ದಿನದಲ್ಲಿದೆ. ಹಿರಿಯರು ಮುಟ್ಟು ತಪ್ಪಿದ ತಿಂಗಳಿನಿಂದ ಎಣಿಸುತ್ತಾರೆ. ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಗರ್ಭ ನಿಂತದ್ದಾದರೋ ಈ ಎರಡರ ನಡುವೆ, ಅಂಡಾಶಯದಿಂದ ಅಂಡವು ಬಿಡುಗಡೆಯಾದ ಸಮಯದಲ್ಲಿ. ಆ ದಿನ ಯಾರ ಕಣ್ಣಿಗೂ ಕಾಣದು. ಆದುದರಿಂದಲೇ ವೈದ್ಯರು ನೆನಪಿನಲ್ಲಿ ಉಳಿಯುವ ಮುಟ್ಟಿನ ದಿನವನ್ನು ಹಿಡಿದರು. ಅದಕ್ಕೆ ಒಂಬತ್ತು ತಿಂಗಳು ಮತ್ತು ಏಳು ದಿನ ಕೂಡಿಸುವ ಸೂತ್ರವು ಜರ್ಮನಿಯ ಪ್ರಸೂತಿ ವೈದ್ಯ ನೇಗೆಲೆ (1778–1851) ಅವರ ಹೆಸರಿನಲ್ಲಿದೆ. ಅಕ್ಟೋಬರ್ 10ರಂದು ಮುಟ್ಟಾಗಿದ್ದರೆ ಹೆರಿಗೆಯ ದಿನ ಜುಲೈ 17. ಒಟ್ಟು 280 ದಿನ.

ಈ ಸೂತ್ರ ಒಂದು ಮಾತನ್ನು ಹೇಳದೆಯೇ ಒಪ್ಪಿಕೊಂಡಿದೆ: ಋತುಚಕ್ರ 28 ದಿನದ್ದು, ಅಂಡ ಬಿಡುಗಡೆಯಾಗುವುದು 14ನೆಯ ದಿನದ ಸುಮಾರಿಗೆ. ಎಲ್ಲ ಸ್ತ್ರೀಯರ ದೇಹ ಹೀಗೆ ನಡೆಯದು. ಅಂಡ ಬಿಡುಗಡೆಯಿಂದ ಮುಂದಿನ ಮುಟ್ಟಿನವರೆಗಿನ ಅವಧಿ ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿಯೇ ಇರುತ್ತದೆ. ಹೆಚ್ಚು ಕಡಿಮೆಯಾಗುವುದು ಅದಕ್ಕೆ ಹಿಂದಿನ ಅವಧಿ. 40 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆ ಸುಮಾರು 26ನೆಯ ದಿನಕ್ಕೆ. ಆಗ ಜುಲೈ 17 ಎಂಬುದು ಜುಲೈ 29ಕ್ಕೆ ಸರಿಯುತ್ತದೆ. ಮಗುವಿಗೆ ಎದೆಹಾಲು ಕೊಡುತ್ತಿರುವಾಗ ಮುಟ್ಟು ಮರಳುವ ಮೊದಲೇ ಗರ್ಭ ಧರಿಸಿದವರಲ್ಲಿ ಈ ಸೂತ್ರಕ್ಕೆ ಆಧಾರವೇ ಇಲ್ಲ.

ಕೆಲವು ವರ್ಷಗಳ ಹಿಂದೆ ತೋಟದ ಕೆಲಸದ ತಾಯಿಯೊಬ್ಬರನ್ನು, ದಿನ ತುಂಬಿ ಹತ್ತು ದಿನವಾಯಿತೆಂಬ ಆತಂಕದಿಂದ ಮನೆಯವರು ನಮ್ಮಲ್ಲಿಗೆ ಕರೆತಂದಿದ್ದರು. ನೋವು ಬರುವ ಕಷಾಯ ಕೊಡಿ ಎಂಬುದು ಅವರ ಕೋರಿಕೆ. ಮುಟ್ಟು ಎಷ್ಟು ದಿನಕ್ಕೊಮ್ಮೆ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. 40 ದಿನಕ್ಕೊಮ್ಮೆ ಎಂದರು. ಹತ್ತನೆಯ ವಾರದ ಸ್ಕ್ಯಾನಿಂಗ್ ವರದಿ ಪತಿಯ ಚೀಲದಲ್ಲಿಯೇ ಮಡಚಿಕೊಂಡಿತ್ತು. ಅದರಲ್ಲಿದ್ದ ದಿನಾಂಕ ಇನ್ನೂ ಬಂದಿರಲಿಲ್ಲ. ನಾವು ಕಷಾಯ ಕೊಡದೆ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ಮಗುವಿನ ಎದೆಬಡಿತ, ಗರ್ಭಜಲ ನೋಡಿ ಕಾದರು, ಸಹಜವಾಗಿಯೇ ಹೆರಿಗೆಯಾಯಿತು. ಇದಕ್ಕೆ ವಿರುದ್ಧವಾದುದನ್ನೂ ಕಂಡಿದ್ದೇವೆ. ಮುಟ್ಟು ತಪ್ಪಿದ ತಿಂಗಳಿನಿಂದ ಎಣಿಸಿ, ಇನ್ನೂ ತಿಂಗಳಿದೆ ಎಂದು ಮನೆಯಲ್ಲಿಯೇ ಉಳಿದವರೊಬ್ಬರಿಗೆ ಆಷಾಢದ ಮಳೆಯಲ್ಲಿ ಜೀಪಿನೊಳಗೇ ಹೆರಿಗೆಯಾಯಿತು.

ನಮ್ಮ ಶಾಸ್ತ್ರಗಳು ಒಂದೇ ದಿನವನ್ನು ಹೇಳಿಲ್ಲ. ಚರಕರು ಒಂಬತ್ತನೆಯ ತಿಂಗಳಿನಿಂದ ಹತ್ತನೆಯದರವರೆಗೆ ಪ್ರಸವಕಾಲವೆಂದರು. ಸುಶ್ರುತರು ಹನ್ನೆರಡರವರೆಗೂ ಹೇಳಿದ್ದಾರೆ. ಕಾಲವನ್ನು ವಿಸ್ತಾರವಾಗಿ ಕಂಡ ಆ ದೃಷ್ಟಿ ಸರಿಯಾದುದೇ, ಏಕೆಂದರೆ ಹೇಳಿದ ದಿನದಂದೇ ಹೆರುವವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ. ಆದರೆ ಹನ್ನೆರಡನೆಯ ತಿಂಗಳ ಮಾತನ್ನು ನಂಬಿ ಕುಳಿತಿರಬಾರದು. 42 ವಾರ ದಾಟಿದರೆ ಮಗುವಿಗೆ ಅಪಾಯ ಹೆಚ್ಚುತ್ತದೆ. ಆಯುರ್ವೇದ ಓದಿದವರಾಗಿಯೇ ನಾವು ಇದನ್ನು ಹೇಳುತ್ತಿದ್ದೇವೆ.

ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಹೆಚ್ಚು ನಂಬಿಕೆಗೆ ಅರ್ಹ. ಆಗ ಭ್ರೂಣದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದ ಅಳೆದು ಹೇಳುವ ವಯಸ್ಸು ಐದರಿಂದ ಏಳು ದಿನಗಳೊಳಗೆ ಸರಿಯಿರುತ್ತದೆ. ಕೊನೆಯ ತಿಂಗಳುಗಳಲ್ಲಿ ಮಕ್ಕಳ ಬೆಳವಣಿಗೆ ಬೇರೆಬೇರೆಯಾಗುವುದರಿಂದ ಮೂರು ವಾರದವರೆಗೂ ವ್ಯತ್ಯಾಸ ಬರಬಹುದು. ಆದುದರಿಂದ ಕೊನೆಯ ವರದಿ ನೋಡಿ ಮೊದಲಿನ ದಿನಾಂಕವನ್ನು ಬದಲಿಸಬಾರದು. (ಲಿಂಗಪತ್ತೆಗಾಗಿ ಸ್ಕ್ಯಾನಿಂಗ್ ಕೇಳುವವರು ಈಗಲೂ ಇದ್ದಾರೆ. 1994ರ ಕಾಯ್ದೆಯ ಪ್ರಕಾರ ಅದು ಅಪರಾಧ.)

ಆಶಾ ಕಾರ್ಯಕರ್ತೆಯರು ಕಾರ್ಡ್ ಬರೆಯುವಾಗ ಕೊನೆಯ ಮುಟ್ಟಿನ ದಿನದೊಡನೆ, ಎಷ್ಟು ದಿನಕ್ಕೊಮ್ಮೆ ಮುಟ್ಟಾಗುತ್ತಿತ್ತು ಎಂಬುದನ್ನೂ ತಾಯಂದಿರು ತಾವಾಗಿಯೇ ಹೇಳಲಿ. ಮೊದಲ ಸ್ಕ್ಯಾನಿಂಗ್ ವರದಿಯನ್ನು ಕಾರ್ಡಿಗೇ ಸೇರಿಸಿಡಲಿ. ನನ್ನ ಚಕ್ರ ಉದ್ದದ್ದು, ಇನ್ನೂ ಸಮಯವಿದೆ ಎಂದು ತಾವೇ ತೀರ್ಮಾನಿಸುವುದು ಬೇಡ. ದಿನಾಂಕ ಬದಲಿಸಬೇಕಾದರೆ ವೈದ್ಯರೇ ಬದಲಿಸಲಿ. ಮಗುವಿನ ಚಲನೆ ಕಡಿಮೆಯಾದರೆ, ನೀರು ಹೋದರೆ, ರಕ್ತ ಕಂಡರೆ, ಯಾವ ದಿನಾಂಕವನ್ನೂ ನೋಡದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ದೂರದ ತೋಟಗಳಲ್ಲಿರುವವರು ಮಳೆಗಾಲದಲ್ಲಿ 37 ವಾರ ತುಂಬುವ ಹೊತ್ತಿಗೆ ಆಸ್ಪತ್ರೆಗೆ ಸಮೀಪದ ಬಂಧುಗಳ ಮನೆಗೆ ಬಂದಿರುವುದು ಲೇಸು.