ನೋವಿನ ಮನೆಯಲ್ಲಿ ವರದಿಗಾರ

ಸಂಕಟದಲ್ಲಿರುವವರ ಸುದ್ದಿ ಬರೆಯುವ ವರದಿಗಾರನಿಗೆ ಎರಡು ಹೊಣೆ ಒಟ್ಟಿಗೇ ಎದುರಾಗುತ್ತವೆ: ಕಂಡದ್ದನ್ನು ಲೋಕಕ್ಕೆ ತಿಳಿಸುವುದು, ಕಣ್ಣೆದುರಿನ ಮನುಷ್ಯನಿಗೆ ತನ್ನಿಂದ ಕೇಡಾಗದಂತೆ ನೋಡಿಕೊಳ್ಳುವುದು. ಈ ತಿಕ್ಕಾಟದ ಮಾತು ಬಂದಾಗಲೆಲ್ಲ ದಕ್ಷಿಣ ಆಫ್ರಿಕದ ಛಾಯಾಗ್ರಾಹಕ ಕೆವಿನ್ ಕಾರ್ಟರ್ ಹೆಸರು ಬರುತ್ತದೆ. 1993ರ ಮಾರ್ಚ್‌ನಲ್ಲಿ ಸುಡಾನಿನ ದಕ್ಷಿಣ ಭಾಗದ ಅಯೋಡ್‌ನಲ್ಲಿ, ಗಂಜಿ ಕೇಂದ್ರದ ಹತ್ತಿರ ಕುಸಿದಿದ್ದ ಮಗುವಿನ ಮತ್ತು ಅದರ ಹಿಂದೆ ಕೂತ ರಣಹದ್ದಿನ ಚಿತ್ರವನ್ನು ಅವರು ತೆಗೆದರು. ಆ ತಿಂಗಳ 26ರಂದು ಅದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅಚ್ಚಾಯಿತು. ಮಗು ಏನಾಯಿತೆಂದು ಓದುಗರು ಕೇಳಿದ್ದಕ್ಕೆ, ಹದ್ದನ್ನು ಓಡಿಸಲಾಯಿತು, ಮಗು ಕೇಂದ್ರ ತಲುಪಿತೋ ಇಲ್ಲವೋ ತಿಳಿಯದು ಎಂದು ಪತ್ರಿಕೆ ಕೆಲವೇ ದಿನಗಳಲ್ಲಿ ಬರೆಯಬೇಕಾಯಿತು. 1994ರಲ್ಲಿ ಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಆ ಜುಲೈನಲ್ಲಿ, 33ನೇ ವಯಸ್ಸಿಗೆ, ಕಾರ್ಟರ್ ಆತ್ಮಹತ್ಯೆ ಮಾಡಿಕೊಂಡರು. ಆ ಸಾವನ್ನು ಒಂದೇ ಚಿತ್ರದ ಪಾಪಪ್ರಜ್ಞೆಗೆ ಗಂಟುಹಾಕುವುದು ಅನ್ಯಾಯ. ಜೋಹಾನ್ಸ್‌ಬರ್ಗ್ ಸುತ್ತಲಿನ ಕೊಲೆಗಳನ್ನು ಅವರು ವರ್ಷಗಟ್ಟಲೆ ಕಂಡಿದ್ದರು. ಗೆಳೆಯ ಕೆನ್ ಊಸ್ಟರ್‌ಬ್ರೂಕ್ ಏಪ್ರಿಲ್‌ನಲ್ಲಷ್ಟೇ ಗುಂಡಿಗೆ ಬಲಿಯಾಗಿದ್ದರು. ಕಾರ್ಟರ್ ಕೈಯಲ್ಲಿ ದುಡ್ಡೂ ಇರಲಿಲ್ಲ.

ಕ್ಯಾಮೆರಾ ಬಿಟ್ಟು ಮಗುವನ್ನು ಎತ್ತಿಕೊಳ್ಳಬಾರದಿತ್ತೇ ಎಂದು ಇಂದಿಗೂ ಕೇಳುತ್ತಾರೆ. ಕೈಗೆ ಎಟುಕುವ ಜೀವವನ್ನು ಮೊದಲು ಉಳಿಸಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಕಡೆ ಅದು ಎಟುಕುವುದಿಲ್ಲ. 1985ರಲ್ಲಿ ಕೊಲಂಬಿಯಾದ ಆರ್ಮೆರೊದಲ್ಲಿ ಜ್ವಾಲಾಮುಖಿಯ ಕೆಸರಿನಲ್ಲಿ ಸಿಕ್ಕಿಬಿದ್ದ 13 ವರ್ಷದ ಹುಡುಗಿಯ ಚಿತ್ರ ತೆಗೆದ ಫ್ರಾಂಕ್ ಫೋರ್ನಿಯೆ ಅವಳನ್ನು ಬಿಡಿಸಲಾರದವರಾಗಿದ್ದರು.

ದಿನನಿತ್ಯದ ತೊಳಲಾಟ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ, ಅದಕ್ಕೇ ಹೆಚ್ಚು ಅಪಾಯಕಾರಿ. 2015ರಲ್ಲಿ ಮಂಡ್ಯ ಸೀಮೆಯ ಕಬ್ಬು ಬೆಳೆಗಾರರ ಸಾವುಗಳು ಸಾಲುಸಾಲಾಗಿ ವರದಿಯಾದಾಗ ಈ ಲೇಖಕ ಕಂಡ ಒಂದು ಮನೆ: ಜಗಲಿಯ ತುಂಬ ಮೈಕುಗಳು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಸೊಸೈಟಿ ಪಾಸ್‌ಬುಕ್, ಅದರೊಳಗೆ ಸತ್ತವನ ಪಾಸ್‌ಪೋರ್ಟ್ ಅಳತೆಯ ಫೋಟೊ. ಆ ಫೋಟೊವನ್ನು ಎದೆಗೆ ಒತ್ತಿ ಹಿಡಿಯಿರಿ ಎಂದು ಹೆಂಡತಿಗೆ ಹೇಳಲಾಯಿತು. ಹಿನ್ನೆಲೆಯಲ್ಲಿದ್ದ ಹೊಸ ಕುರ್ಚಿಯನ್ನು ಒಬ್ಬರು ಪಕ್ಕಕ್ಕೆ ಸರಿಸಿದರು. ಬಡತನ ಸಾಕಷ್ಟು ಕಾಣಲೆಂದು! ಆಕೆ ಹೇಳಿದಂತೆ ಮಾಡಿದರು. ಬಂದವರು ಸರ್ಕಾರದವರೋ ಪೇಪರಿನವರೋ, ಮಾತಾಡಿದರೆ ಪರಿಹಾರ ಸಿಗುತ್ತದೋ ತಪ್ಪುತ್ತದೋ ತಿಳಿಯದವರ ತಲೆಯಾಡಿಕೆಯನ್ನು ಒಪ್ಪಿಗೆ ಎನ್ನಲಾಗದು.

ಅಂಥ ಮನೆಗಳಲ್ಲಿ ಕಲಿತದ್ದು ಹೆಚ್ಚಾಗಿ ಕ್ರಮದ ವಿಷಯ. ಮೊದಲು ಪುಸ್ತಕ, ಪೆನ್ನು ಹೊರತೆಗೆಯದೆ ಕೂರಬೇಕು. ತಾನು ಯಾರು, ಬರೆದದ್ದು ಎಲ್ಲಿ ಬರುತ್ತದೆ, ಊರವರೂ ಮಕ್ಕಳ ಶಾಲೆಯವರೂ ಅದನ್ನು ಓದುತ್ತಾರೆ ಎಂಬುದನ್ನು ಹೇಳಬೇಕು. ಪರಿಹಾರ ಕೊಡಿಸುತ್ತೇನೆಂಬ ಆಸೆ ಹುಟ್ಟಿಸಕೂಡದು. ಬೇಡ ಎಂದರೆ ಎದ್ದು ಬರಬೇಕು, ಕಚೇರಿಯಿಂದ ಎಷ್ಟು ಫೋನ್ ಬಂದರೂ.

ಕೆಲವು ಗೆರೆಗಳನ್ನು ಕಾನೂನೂ ಪತ್ರಿಕಾ ಮಂಡಳಿಯೂ ಎಳೆದಿವೆ. ಅತ್ಯಾಚಾರಕ್ಕೊಳಗಾದವರ ಗುರುತನ್ನು, ಅವರು ತೀರಿಹೋಗಿದ್ದರೂ, ಸಾಮಾನ್ಯವಾಗಿ ಬಹಿರಂಗಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಆತ್ಮಹತ್ಯೆಯ ವಿಧಾನವನ್ನು ವಿವರಿಸಬಾರದು, ಅದನ್ನು ರೋಚಕಗೊಳಿಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಸೂಚಿಸಿತು. ಉಳಿದದ್ದೆಲ್ಲ ವರದಿಗಾರನ ಮತ್ತು ಡೆಸ್ಕಿನ ವಿವೇಕಕ್ಕೆ ಬಿಟ್ಟದ್ದು.

ಕಣ್ಣೀರಿನ ಚಿತ್ರ ಓದುಗರ ಮನ ಕರಗಿಸುತ್ತದೆ, ಕಾರಣವನ್ನು ಮಾತ್ರ ಹೇಳುವುದಿಲ್ಲ. 1990ರ ದಶಕದಲ್ಲಿ ಪತ್ರಕರ್ತ ಪಿ. ಸಾಯಿನಾಥ್ ದೇಶದ ಕಡುಬಡ ಜಿಲ್ಲೆಗಳನ್ನು ಸುತ್ತಿ ಬರೆದ ವರದಿಗಳ ಬೆಲೆ ಇರುವುದು ಇಲ್ಲಿ: ಅವು ಬಡವನ ಗೋಳಿನ ಜೊತೆಗೆ ಸಾಲ, ಭೂಮಿ, ನೀರು, ಗುತ್ತಿಗೆದಾರಿಕೆಯ ಲೆಕ್ಕವನ್ನೂ ಓದುಗರ ಮುಂದಿಟ್ಟವು. ಮಂಡ್ಯದ ಆ ಮನೆಯಲ್ಲೂ ಕೇಳಬೇಕಿದ್ದದ್ದು ಕಾರ್ಖಾನೆಯ ಬಾಕಿ ಎಷ್ಟು, ಕೈಸಾಲದ ಬಡ್ಡಿ ಎಷ್ಟು ಎಂದು. ಈ ಪ್ರಶ್ನೆಗಳನ್ನು ಆಕೆಗಿಂತ ಮೊದಲು ಸೊಸೈಟಿಯ ಕಾರ್ಯದರ್ಶಿಗೂ ಕಾರ್ಖಾನೆಯ ಅಧಿಕಾರಿಗೂ ಕೇಳಬಹುದು. ಆಗ ದುಃಖದಲ್ಲಿರುವವರನ್ನು ಕೆದಕುವ ಅಗತ್ಯವೇ ಅರ್ಧ ಇಳಿಯುತ್ತದೆ.